ಹಾವಪ್ಪ

ನಮ್ಮ ಮನೆಯಲ್ಲಿ ಹಾವು ಕೊಲ್ಲುವಂತಿಲ್ಲ.
ಕನಸಲ್ಲಿ ಬಂದರೂ ಬೆಳಿಗ್ಗೆ ಎದ್ದು ಕೈಮುಗಿಯಬೇಕು.
ಕಾರಣ, ಮುತ್ತಜ್ಜ ಹಾವಪ್ಪ:
ಗಿರಣಿಗೆ ಬಂದ ಹತ್ತಿ ಅಂಡಿಗೆಯೊಳಗೆ
ಸುರುಳಿ ಸುತ್ತಿದ್ದ ನಾಗರವನ್ನು
ಬರಿಗೈಲಿ ಎತ್ತಿ ಬಯಲಿಗೆ ಬಿಟ್ಟವನು.
ಹಾಗಂತ ಅಜ್ಜಿ ಹೇಳಿದ್ದು,
ಅಜ್ಜಿಗೆ ಅವಳವ್ವ ಹಾಲಮ್ಮ ಹೇಳಿದ್ದು.
ಪಂಚಮಿಯಿಂದ ಪಂಚಮಿಗೆ ಉದ್ದವಾಗುತ್ತ
ನನ್ನ ಕಾಲಕ್ಕೆ ಆ ಹಾವು ಹನ್ನೆರಡಡಿ.

ಮೈಬಣ್ಣದ ಮಾತು ಮಾತ್ರ ಯಾರೂ ಎತ್ತಲಿಲ್ಲ.
ಬೆಕ್ಕಿನ ಕಣ್ಣು ನಮ್ಮಲ್ಲಿ ತಲೆಮಾರಿಗೊಬ್ಬರಿಗೆ,
ಈ ಸಲ ನನಗೆ.
ಅಶೋಕ ರಸ್ತೆಯ ಗೇಟಿನ ಹತ್ತಿರ
ಮೋಟಾರು ರಿವೈಂಡಿಂಗ್ ಅಂಗಡಿ;
ತಾಮ್ರದ ಸುತ್ತು ಎಣಿಸುತ್ತ ಕೂತರೆ
ಗಿರಾಕಿ ಕೇಳುವುದು ಎರಡೇ:
ಎಷ್ಟಾಗುತ್ತೆ, ಕಣ್ಣಿಗೇನಾಗಿದೆ.

ಹಲಿನಾ ಬಂದಿದ್ದು ಮಾರ್ಚಿನ ಬಿಸಿಲಲ್ಲಿ,
ಗಿರಣಿಯ ಹಳೇ ಗುಮಾಸ್ತ ತಿಪ್ಪೇರುದ್ರಪ್ಪನ
ಸ್ಕೂಟರಿನ ಹಿಂದೆ ಕೂತು.
ವಯಸ್ಸು ಅರವತ್ತು ದಾಟಿರಬೇಕು.
ಚೀಲದಲ್ಲಿ ಹಡಗಿನದೊಂದು ಪಟ್ಟಿ.

ಅಜ್ಜನ ತಮ್ಮ ಕಡಲು ದಾಟಿದ್ದನಂತೆ,
ನೂಲಿನ ಯಂತ್ರದ ಪೆಟ್ಟಿಗೆಗಳ ಕಾವಲಿಗೆ.
ಅಮೆರಿಕದಲ್ಲಿ ಹುಡುಕಿದರು, ಬ್ರೆಜಿಲ್ಲಿನಲ್ಲಿ ಹುಡುಕಿದರು,
ಪೋಲೆಂಡಿನವರು ಕಡಲು ದಾಟಿದರೆ
ಹೋಗಿ ಸೇರುವುದು ಅಲ್ಲಿಗೇ ಎಂದು.
ದಾವಣಗೆರೆ ಎಂಬುದೊಂದಿದೆ ಎಂದು
ಕಂಪನಿಯ ಹರಿದ ರಸೀದಿ ಬಾಯಿಬಿಡುವ ತನಕ
ಯಾರಿಗೆ ತಾನೇ ಹೊಳೆದೀತು.

ಗಿರಣಿ ಮುಚ್ಚಿದಾಗ ಕಾಗದವನ್ನೆಲ್ಲ
ಮಂಡಕ್ಕಿ ಪೊಟ್ಟಣಕ್ಕೆ ತೂಕ ಹಾಕಿದರು.
ತಿಪ್ಪೇರುದ್ರಪ್ಪ ಒಂದೇ ಮಸ್ಟರು ಪುಸ್ತಕ
ಬಗಲಲ್ಲಿ ಇಟ್ಟುಕೊಂಡು ಬಂದಿದ್ದ. ಯಾಕೆಂದು ಅವನಿಗೂ ಗೊತ್ತಿಲ್ಲ.
ಅದರಲ್ಲಿದೆ, ನೀಲಿ ಶಾಯಿಯಲ್ಲಿ:
ಫಿಟರ್ ಹಾವಪ್ಪ. ಜಾತಿ: ಪೋಲೆಂಡ್.

ದೇವರ ಗೂಡಿನಿಂದ ಅವ್ವ ಲಾಳಿ ತಂದಳು,
ಕುಂಕುಮ ಮೆತ್ತಿಕೊಂಡಿದ್ದ ಮರದ ಲಾಳಿ.
ಹೊಟ್ಟೆಯ ಮೇಲೆ ಚಾಕುವಿನಲ್ಲಿ ಕೊರೆದ ಅಕ್ಷರ;
ಕೊನೆಯದಕ್ಕೊಂದು ಅಡ್ಡಗೀಟು.
ತಪ್ಪು ಕೊರೆದು ಹೊಡೆದುಹಾಕಿದ್ದಾನೆ ಎಂದೇ
ಇಷ್ಟು ದಿನ ಪೂಜೆ ಮಾಡಿದ್ದೆವು.

ತಪ್ಪಲ್ಲ ಎಂದಳು ಹಲಿನಾ.
ಗೀಟು ಸೇರಿಯೇ ಅದೊಂದು ಅಕ್ಷರ.
ನಮ್ಮೂರಿನ ಹೆಸರು ಶುರುವಾಗುವುದೂ ಅದರಿಂದಲೇ:
ನೋಡುವವರಿಗೆ ಲೋ, ನಮ್ಮ ಬಾಯಲ್ಲಿ ವೂ.
ಆಮೇಲೆ ಬೆರಳಿಟ್ಟು ಓದಿದಳು: ಮೀಹಾವ್.
ಇನ್ನೊಮ್ಮೆ, ನಿಧಾನ: ಮೀ. ಹಾವ್.

ಹನ್ನೆರಡಡಿ ಹಾವು
ನಮ್ಮ ನಡುಮನೆಯಲ್ಲಿ, ನೋಡನೋಡುತ್ತ,
ಆ ಗೀಟಿನಷ್ಟಾಯಿತು.

ಮಣ್ಣು ಮಾಡಿದ್ದೆಲ್ಲಿ ಎಂದು ಕೇಳಿದಳು.
ಗಿರಣಿಯ ಹಿಂದಿನ ಬಯಲು ಈಗ ಲೇಔಟು.
ಬೇವಿನ ಮರದ ಲೆಕ್ಕ ಹಿಡಿದು ನಡೆದೆವು, ಬೇವಿನ ಮರವೇ ಇಲ್ಲ.
ಯಾರದೋ ಗೇಟಿನ ಮುಂದೆ ಅವಳು
ಮೋಂಬತ್ತಿ ತೆಗೆದು ನಿಂತಳು. ಗಾಳಿ ಹಚ್ಚಗೊಡಲಿಲ್ಲ.
ಒಳಗಿಂದ ಬನಿಯನ್ನಿನವನು ಬಂದ:
ಸೈಟ್ ನೋಡಾಕ್ ಬಂದ್ರೇನು? ಇದು ಮಾರಾಟಕ್ಕಿಲ್ರಿ.

ಸಂಜೆ ಚಹಾ ಕುಡಿಯುತ್ತ ಮತ್ತೆ ಕೇಳಿದಳು:
ಹಾಲಮ್ಮ ಅವನನ್ನು ಏನೆಂದು ಕರೆಯುತ್ತಿದ್ದಳು?
ಕರೆಯುತ್ತಿರಲಿಲ್ಲ ಎಂದೆ.
ಗಂಡನ ಹೆಸರು ನಾಲಿಗೆಗೆ ತರುವಂತಿರಲಿಲ್ಲ.
ಊರವರು ಮಾತ್ರ ಆಡಿಕೊಂಡರು,
ಹಾಲಮ್ಮ ಹಾವಿಗೆ ಹಾಲೆರೆದಳು ಎಂದು.

ಅವ್ವ ಮಂಡಕ್ಕಿಯ ಮೇಲೆ ಖಾರ ಉದುರಿಸುತ್ತಿದ್ದವಳು
ಅಲ್ಲಿಗೇ ನಿಲ್ಲಿಸಿ ಅಂದಳು: ಒಡಪು ಹೇಳ್ತಿದ್ಲಲ್ಲೋ.
ಹೊಸ್ತಿಲಲ್ಲಿ ಅಡ್ಡಗಟ್ಟಿ ಗಂಡನ ಹೆಸರು ಹೇಳು ಅಂದ್ರೆ
ಮುತ್ತಜ್ಜಿದು ಇದೇ ಇತ್ತು:

ಮೀಯಾಕ ಬಿಸಿನೀರು, ಹಾವಿಗೆ ಹಸಿಹಾಲು,
ಅರ್ಧರ್ಧ ಅಂದೀನಿ, ಕೂಡಿಸಿಕೊಳ್ರಿ.

ಎಷ್ಟು ಮದುವೆಗಳಲ್ಲಿ ಕೇಳಿದ್ದೇನೆ ಇದನ್ನು.
ಬಚ್ಚಲ ನೀರು, ಪಂಚಮಿ ಹಾಲು
ಎಂದೇ ನಕ್ಕಿದ್ದೇನೆ.

ಹಲಿನಾ ಅರ್ಥ ಕೇಳಿದಳು.
ಇಂಗ್ಲಿಷಿನಲ್ಲಿ ಬಿಸಿನೀರು ಎಂದೆ, ಹಾಲು ಎಂದೆ,
ಅಷ್ಟಕ್ಕೆ ನಿಂತೆ.
ಅವ್ವ ಇನ್ನೊಂದು ಸಲ ಹೇಳಿದಳು,
ಎರಡೂ ಕಡೆ ಒತ್ತಿ.
ಅವಳು ಲೋಟ ಕೆಳಗಿಟ್ಟಳು.